ಉಗುರಿಗೂ ಒಂದು ಚರಿತ್ರೆ

ಈಜಿಪ್ಟಿನ ಸಕ್ಕಾರಾದಲ್ಲಿ 1964ರಲ್ಲಿ ಒಂದು ಸಮಾಧಿ ಬೆಳಕಿಗೆ ಬಂತು. ಊನಾಸ್ ಎಂಬ ರಾಜನ ಪಿರಮಿಡ್ಡಿಗೆ ಹೋಗುವ ಪುರಾತನ ಹಾದಿಯನ್ನು ಸರಿಪಡಿಸುತ್ತಿದ್ದಾಗ ಸಿಕ್ಕ ಸಮಾಧಿ ಅದು. ಕಾಲ, ಕ್ರಿ.ಪೂ. 2400ರ ಸುಮಾರು. ಅಲ್ಲಿ ಮಲಗಿದ್ದವರು ರಾಜರಲ್ಲ, ಸೇನಾಪತಿಗಳೂ ಅಲ್ಲ. ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೋಟೆಪ್ ಎಂಬ ಇಬ್ಬರು ಗಂಡಸರು. ಗೋಡೆಯ ಮೇಲಿನ ಬರಹ ಅವರ ಹುದ್ದೆಯನ್ನು ಹೇಳುತ್ತದೆ: ಅರಮನೆಯ ಉಗುರು ಆರೈಕೆ ಮಾಡುವವರ ಮೇಲ್ವಿಚಾರಕರು!

ನಗಬೇಡಿ. ಆ ಕಾಲದ ಈಜಿಪ್ಟಿನಲ್ಲಿ ರಾಜನೆಂದರೆ ದೇವರ ಅಂಶ. ಅವನ ಕೈಬೆರಳನ್ನು ಹಿಡಿದು, ಹರಿತವಾದ ಆಯುಧವನ್ನು ಅದರ ಬಳಿಗೆ ಒಯ್ಯುವ ಅನುಮತಿ ಎಷ್ಟು ಜನರಿಗೆ ಇದ್ದೀತು? ಈ ಇಬ್ಬರು ಸೂರ್ಯದೇವಾಲಯದ ಅರ್ಚಕರೂ ಆಗಿದ್ದರು. ಒಬ್ಬರನ್ನೊಬ್ಬರು ಅಪ್ಪಿಕೊಂಡು, ಮೂಗಿಗೆ ಮೂಗು ತಾಗುವಂತೆ ನಿಂತಿರುವ ಅವರ ಶಿಲ್ಪಗಳು ಗೋಡೆಯ ಮೇಲಿವೆ. ಅವರು ಅವಳಿಗಳೋ, ಸಂಗಾತಿಗಳೋ ಎಂಬ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಅದೇ ಸಕ್ಕಾರಾದಲ್ಲಿ ಆಂಖ್‌ಮಹೋರ್ ಎಂಬ ಅಧಿಕಾರಿಯ ಸಮಾಧಿಯಲ್ಲೂ ಒಂದು ಚಿತ್ರವಿದೆ. ಒಬ್ಬ ಕುಳಿತಿದ್ದಾನೆ, ಇನ್ನೊಬ್ಬ ಅವನ ಬೆರಳನ್ನು ಹಿಡಿದು ಏನೋ ಮಾಡುತ್ತಿದ್ದಾನೆ. ಅದು ಶಸ್ತ್ರಚಿಕಿತ್ಸೆ ಎಂದು ಕೆಲವರು, ಉಗುರಿನ ಆರೈಕೆ ಎಂದು ಕೆಲವರು. ಎರಡಕ್ಕೂ ಆಗ ದೊಡ್ಡ ಅಂತರವೇನೂ ಇರಲಿಲ್ಲ ಎಂದು ನನಗನ್ನಿಸುತ್ತದೆ.

ನಮ್ಮ ದೇಶದಲ್ಲಿಯೂ ಉಗುರು ವೈದ್ಯಶಾಸ್ತ್ರದ ವಿಷಯವೇ ಆಗಿತ್ತು. ಕೂದಲು, ಮೀಸೆ-ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಬಾರಿ ತೆಗೆಸಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಹದಿನೈದು ದಿನಕ್ಕೆ ಮೂರು ಸಲ ಎಂದರೆ, ಇಂದಿನ ನಮ್ಮ ಅಭ್ಯಾಸಕ್ಕಿಂತ ಕಟ್ಟುನಿಟ್ಟು. ಆದರೆ ತೆಗೆಯುವವರು ಯಾರು? ಕರ್ನಾಟಕದ ಹಳ್ಳಿಗಳಲ್ಲಿ ಆ ಕೆಲಸ ಕ್ಷೌರಿಕನದು. ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಮನೆಮನೆಗೆ ಹಡಪ ಹೊತ್ತು ಬಂದು, ಚಿಕ್ಕ ಉಳಿಯಂಥ ಕತ್ತಿಯಿಂದ ಉಗುರು ತೆಗೆದು ಹೋಗುತ್ತಿದ್ದ. ಕೂಲಿ ದಿನದಿನಕ್ಕೆ ಅಲ್ಲ, ಸುಗ್ಗಿಯಲ್ಲಿ ಕಣದ ಬಳಿ ಅಳೆದು ಕೊಡುವ ಆಯದ ಧಾನ್ಯ. ಮದುವೆಯಲ್ಲಿ ಉಗುರು ತೆಗೆಯುವ ಶಾಸ್ತ್ರಕ್ಕೆ ಅವನಿಲ್ಲದೆ ನಡೆಯದು. ಶಾಸ್ತ್ರ ಮುಗಿದ ಮೇಲೆ ಅವನನ್ನು ಪಂಕ್ತಿಯಲ್ಲಿ ಕೂರಿಸುವುದೂ ಇಲ್ಲ. ಒಂದು ನಾಡಿನಲ್ಲಿ ಅರಮನೆಯ ಗೌರವ ತಂದ ಕೈಕೆಲಸವೇ ಇನ್ನೊಂದು ನಾಡಿನಲ್ಲಿ ಜಾತಿಯ ಗುರುತಾಯಿತು. ಕೆಲಸ ಒಂದೇ, ಬೆರಳೂ ಒಂದೇ.

ಈಗ ಸ್ವಲ್ಪ ವಿಜ್ಞಾನ. (ದೃಶ್ಯಮಾಧ್ಯಮಕ್ಕೆ ಬರುವ ಮೊದಲು ನಾನು ಓದಿದ್ದು ಅದನ್ನೇ, ಬಿಡಲಾಗದು.) ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಫಲಕ. ಹೊರಗೆ ಕಾಣುವ ಭಾಗದಲ್ಲಿ ಜೀವವಿಲ್ಲ. ಬೆಳವಣಿಗೆಯೆಲ್ಲ ಬುಡದಲ್ಲಿ, ಚರ್ಮದ ಅಡಿಯಲ್ಲಿ. ಅಮೆರಿಕದ ವೈದ್ಯ ವಿಲಿಯಂ ಬೆನೆಟ್ ಬೀನ್ ತಮ್ಮ ಹೆಬ್ಬೆರಳಿನ ಉಗುರಿನ ಬುಡದಲ್ಲಿ ತಿಂಗಳಿಗೊಮ್ಮೆ ಗೀರು ಹಾಕಿ, ಅದು ತುದಿ ಮುಟ್ಟಲು ಎಷ್ಟು ದಿನ ಬೇಕೆಂದು 35 ವರ್ಷ ಲೆಕ್ಕವಿಟ್ಟರು. 1980ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, 32ನೇ ವಯಸ್ಸಿನಲ್ಲಿ ಉಗುರು ದಿನಕ್ಕೆ 0.123 ಮಿ.ಮೀ. ಬೆಳೆಯುತ್ತಿತ್ತು, 67ನೇ ವಯಸ್ಸಿಗೆ ಅದು 0.095ಕ್ಕೆ ಇಳಿದಿತ್ತು. ಉಪಕರಣವಿಲ್ಲ, ಅನುದಾನವಿಲ್ಲ, ತಾಳ್ಮೆಯೊಂದೇ ಬಂಡವಾಳ! ಕಾಲಿನ ಉಗುರಿನ ಬೆಳವಣಿಗೆ ಕೈಯದರ ಸುಮಾರು ಅರ್ಧ.

ಮದರಂಗಿ ಹಚ್ಚಿಕೊಂಡವರು ಇದನ್ನು ಕಂಡೇ ಇರುತ್ತಾರೆ. ಅಂಗೈಯ ಕೆಂಪು ಎರಡು ಮೂರು ವಾರಗಳಲ್ಲಿ ಮಾಸುತ್ತದೆ, ಉಗುರಿನದು ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಎರಡೂ ಕಡೆ ಕೆರಾಟಿನ್‌ಗೇ ಅಂಟಿಕೊಳ್ಳುತ್ತದೆ. ಆದರೆ ಚರ್ಮ ಉದುರುತ್ತದೆ, ಉಗುರು ಉದುರುವುದಿಲ್ಲ. ಬುಡದಿಂದ ಬಿಳಿಯ ಅರ್ಧಚಂದ್ರ ಏರುತ್ತಾ ಬಂದು ಕೆಂಪನ್ನು ತುದಿಗೆ ತಳ್ಳುತ್ತದೆ, ಅಷ್ಟೆ.

ಬಾಟಲಿಯಲ್ಲಿ ಬರುವ ಇಂದಿನ ಬಣ್ಣದ ಕಥೆ ಬೇರೆ. 1846ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಪ್ರಕಟಪಡಿಸಿದ ಸಿಡಿಹತ್ತಿ, ಅಂದರೆ ನೈಟ್ರೋಸೆಲ್ಯುಲೋಸ್, ಮೊದಲು ಯುದ್ಧದ ಸಾಮಗ್ರಿ. ಆಮೇಲೆ ಸಿನೆಮಾ ಫಿಲ್ಮು. 1920ರ ದಶಕದಲ್ಲಿ ಬೇಗ ಒಣಗುವ ಮೋಟಾರು ಕಾರಿನ ಬಣ್ಣ. ಉಗುರಿನ ಮೇಲೆ ಹೊಳೆಯುವುದೂ ಅದೇ ಕುಲದ ಪದಾರ್ಥ. ಭಾರತದಲ್ಲಿ 1952ರಲ್ಲಿ ಟಾಟಾ ಸಂಸ್ಥೆ ಲ್ಯಾಕ್ಮೆಯನ್ನು ಆರಂಭಿಸಿತು. ಹೆಸರು ಫ್ರೆಂಚ್ ಗೀತನಾಟಕವೊಂದರದು, ಅದರ ಮೂಲ ನಮ್ಮ ಲಕ್ಷ್ಮಿಯೇ.

ಬಣ್ಣ ಬಂದ ಮೇಲೆ ಹಚ್ಚುವವರೂ ಬೇಕಲ್ಲ. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದಾಗ ಸಾವಿರಾರು ಜನ ದೇಶ ಬಿಟ್ಟು ಅಮೆರಿಕ ಸೇರಿದರು. ಕ್ಯಾಲಿಫೋರ್ನಿಯಾದ ಒಂದು ಶಿಬಿರಕ್ಕೆ ನಟಿ ಟಿಪ್ಪಿ ಹೆಡ್ರೆನ್ ಹೋಗಿದ್ದರು. ಹಿಚ್‌ಕಾಕ್‌ನ ಹಕ್ಕಿಗಳ ಚಿತ್ರದ ನಾಯಕಿ. ಅವರ ಉಗುರುಗಳನ್ನು ಅಲ್ಲಿನ ಹೆಂಗಸರು ಬೆರಗಿನಿಂದ ನೋಡಿದರು. ಹೆಡ್ರೆನ್ ತಮ್ಮ ಉಗುರು ಅಲಂಕರಿಸುವಾಕೆಯನ್ನೇ ಕರೆಸಿ ಇಪ್ಪತ್ತು ಮಹಿಳೆಯರಿಗೆ ಕೆಲಸ ಕಲಿಸಿಕೊಟ್ಟರು. ಇಂಗ್ಲಿಷ್ ಹೆಚ್ಚು ಬೇಡ, ಬಂಡವಾಳ ಹೆಚ್ಚು ಬೇಡ. ಅಕ್ಕ ತಂಗಿಗೆ, ತಂಗಿ ನಾದಿನಿಗೆ ಕಲಿಸಿದಳು. ಇಂದು ಕ್ಯಾಲಿಫೋರ್ನಿಯಾದ ಉಗುರು ಸಲೂನುಗಳಲ್ಲಿ ದೊಡ್ಡ ಪಾಲು ವಿಯೆಟ್ನಾಂ ಮೂಲದವರದು. ಆದರೆ ದಿನವಿಡೀ ಟೊಲ್ಯೂಯೀನ್, ಫಾರ್ಮಾಲ್ಡಿಹೈಡ್‌ಗಳ ಆವಿ ಉಸಿರಾಡುವವರು ಅವರೇ. ಗಿರಾಕಿ ಒಂದು ಗಂಟೆಯಲ್ಲಿ ಎದ್ದು ಹೋಗುತ್ತಾಳೆ. ನ್ಯೂಯಾರ್ಕ್ ನಗರದ ಇಂಥ ಅಂಗಡಿಗಳಲ್ಲಿ ಕೊಡುತ್ತಿದ್ದ ಅತಿ ಕಡಿಮೆ ಕೂಲಿಯ ಬಗ್ಗೆ 2015ರಲ್ಲಿ ಪತ್ರಿಕಾ ವರದಿ ಬಂದ ನಂತರವೇ ಆ ರಾಜ್ಯ ಸರ್ಕಾರ ತುರ್ತು ಕ್ರಮಕ್ಕೆ ಇಳಿದದ್ದು.

ನಮ್ಮ ಮೈಸೂರಿಗೂ ಉಗುರಿನ ಬಣ್ಣಕ್ಕೂ ಒಂದು ನಂಟಿದೆ, ಸೌಂದರ್ಯಕ್ಕೆ ಸಂಬಂಧಪಡದ ನಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಅರಗಿನ ಕಾರ್ಖಾನೆ ಆರಂಭವಾಯಿತು. ಅರಗು ಎಂದರೆ ಲಾಕ್ಷಾ, ಮುತ್ತುಗದಂಥ ಮರಗಳ ಮೇಲೆ ಕೀಟಗಳು ಸ್ರವಿಸುವ ಅಂಟು. ಇಂಗ್ಲಿಷಿನ ಲ್ಯಾಕರ್ ಪದದ ಬೇರು ಇದೇ. ಹಿಂದೆ ಹೆಂಗಸರು ಪಾದಕ್ಕೆ ಹಚ್ಚುತ್ತಿದ್ದ ಅಲಕ್ತಕವೂ ಅರಗಿನದೇ. ಅದೇ ಕಾರ್ಖಾನೆ ಇಂದಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಇಲ್ಲಿಂದಲೇ ಹೋಗುತ್ತದೆ. ಅದರ ಸೂತ್ರ ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ಬಿದ್ದೊಡನೆ ಕಪ್ಪಾಗುತ್ತದೆ. ಸಾಬೂನಿಗೆ ಜಗ್ಗುವುದಿಲ್ಲ. ಚರ್ಮದ ಮೇಲಿನದು ಕೆಲವೇ ವಾರಗಳಲ್ಲಿ ಹೋಗುತ್ತದೆ, ಉಗುರಿನ ಮೇಲಿನದು ಮದರಂಗಿಯಂತೆಯೇ ಮೇಲೇರುತ್ತಾ ತಿಂಗಳುಗಟ್ಟಲೆ ನಿಲ್ಲುತ್ತದೆ. 2006ರಿಂದ ಈ ಗೆರೆಯನ್ನು ಉಗುರಿನ ತುದಿಯಿಂದ ಬೆರಳಿನ ಮೊದಲ ಗೆಣ್ಣಿನವರೆಗೆ ಎಳೆಯುತ್ತಾರೆ.

ಗುರುತು ಎಡಗೈಯ ತೋರುಬೆರಳಿಗೆ. ಆ ಬೆರಳು ಇಲ್ಲದವರಿಗೆ? ಚುನಾವಣಾ ನಿಯಮಗಳು ಅದನ್ನೂ ಯೋಚಿಸಿವೆ. ಎಡಗೈಯ ಬೇರೊಂದು ಬೆರಳು. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯದು. ಎರಡೂ ಕೈಗಳಲ್ಲಿ ಬೆರಳಿಲ್ಲದಿದ್ದರೆ ಇರುವ ತೋಳಿನ ತುದಿಗೆ.