ಕಲ್ಲು, ಕ್ಯಾಮೆರಾ, ಲಾವಣಿ: ಕಿತ್ತೂರು ನಾಡಿನ ಭೂದೃಶ್ಯದಲ್ಲಿ ನೆನಪು ಮತ್ತು ಅಧಿಕಾರ

ಕಿತ್ತೂರು ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕಾಲವಾದದ್ದು 1829ರ ಫೆಬ್ರವರಿಯಲ್ಲಿ. ಪ್ಯಾರಿಸ್ಸಿನಲ್ಲಿ ಡಾಗೆರ್ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ಪ್ರಕಟಪಡಿಸಿದ್ದು 1839ರಲ್ಲಿ. ಈ ಹತ್ತು ವರ್ಷಗಳ ಅಂತರದಿಂದಾಗಿ ರಾಣಿಯ ಛಾಯಾಚಿತ್ರವೆಂಬುದು ಇರಲು ಸಾಧ್ಯವೇ ಇಲ್ಲ. ಇಂದು ಕನ್ನಡಿಗರ ಮನಸ್ಸಿನಲ್ಲಿರುವ ಖಡ್ಗಧಾರಿಣಿಯ ರೂಪ ಇಪ್ಪತ್ತನೆಯ ಶತಮಾನದ ಚಿತ್ರಕಾರರು, ನಾಟಕ ಕಂಪನಿಗಳು, ಬಿ.ಆರ್. ಪಂತುಲು ಅವರು 1961ರಲ್ಲಿ ತೆರೆಗೆ ತಂದ ಚಲನಚಿತ್ರ, ಊರೂರಿನ ವೃತ್ತಗಳ ಪ್ರತಿಮೆಗಳು ಸೇರಿ ಕಟ್ಟಿಕೊಟ್ಟದ್ದು. ಆ ಕಾಲವನ್ನು ಕಂಡ ಸಾಕ್ಷಿಯಾಗಿ ನೆಲದ ಮೇಲೆ ಉಳಿದಿರುವುದು ಮುಖವಲ್ಲ, ಭೂದೃಶ್ಯ: ಕಿತ್ತೂರಿನ ಮುರಿದ ಅರಮನೆ, ಬೈಲಹೊಂಗಲದ ಸಮಾಧಿ, ಸಂಗೊಳ್ಳಿಯ ನೆಲ. ಈ ಭೂದೃಶ್ಯವನ್ನು ಮೊದಲು ಚಿತ್ರವಾಗಿಸಿದವರು ಯಾರು, ಅವರು ಯಾವುದನ್ನು ನೋಡಲು ಬಂದಿದ್ದರು ಎಂಬ ಪ್ರಶ್ನೆ ಆದ್ದರಿಂದ ಕೇವಲ ಕಲೆಯ ಇತಿಹಾಸದ ಪ್ರಶ್ನೆಯಲ್ಲ.

ಉತ್ತರದ ಎಳೆ ಯುದ್ಧಭೂಮಿಯಿಂದಲೇ ಆರಂಭವಾಗುತ್ತದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಸ್ವೀಕಾರವನ್ನು ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕೋಟೆಯ ಎದುರು ಹತನಾದನು. ಅವನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಸೆರೆಯಿಂದ ಜೀವಂತವಾಗಿ ಮರಳಿದ ಎಲಿಯಟ್ ಮುಂದಿನ ವರ್ಷಗಳಲ್ಲಿ ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಊರೂರಿನ ಶಾಸನಗಳ ಪ್ರತಿ ಮಾಡಿಸಿದನು. ಅವನ ‘ಕರ್ನಾಟಕ ದೇಶ ಶಾಸನಗಳು’ ಎಂಬ ಹಸ್ತಪ್ರತಿ ಸಂಗ್ರಹವೂ, 1837ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಲೇಖನವೂ ಚಾಲುಕ್ಯ ಇತಿಹಾಸದ ಅಧ್ಯಯನಕ್ಕೆ ಬುನಾದಿಯಾದವು. ಕಿತ್ತೂರಿನ ಬಂದಿಯೇ ಕನ್ನಡ ಶಾಸನಗಳ ಮೊದಲ ದೊಡ್ಡ ಸಂಗ್ರಾಹಕರಲ್ಲಿ ಒಬ್ಬನಾದನು. ನೆಲವನ್ನು ಗೆದ್ದವರಿಗೆ ಅದನ್ನು ಓದುವ ಅಗತ್ಯವೂ ಇತ್ತು. ಇನಾಮು, ಉಂಬಳಿ, ದತ್ತಿಗಳ ಹಕ್ಕನ್ನು ವಿಚಾರಿಸುವ ಆಡಳಿತಕ್ಕೆ ಹಳೆಯ ದಾನಪತ್ರ ಬರಿಯ ಕುತೂಹಲದ ವಸ್ತುವಾಗಿರಲಿಲ್ಲ.

ಕ್ಯಾಮೆರಾ ಬಂದದ್ದು ಈ ಓದಿನ ಮುಂದುವರಿಕೆಯಾಗಿಯೇ. 1855ರಲ್ಲಿ ಮುಂಬಯಿ ಸರಕಾರ ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಛಾಯಾಗ್ರಾಹಕನಾಗಿ ನೇಮಿಸಿತು. ಅವನು ಸೈನ್ಯದ ಕೆಲಸಕ್ಕೆ ಮರಳಿದ ಬಳಿಕ ವೈದ್ಯನಾದ ಡಾ. ಪಿಗೌ ಆ ಕೆಲಸ ಮುಂದುವರಿಸಿದನು. 1866ರಲ್ಲಿ ಲಂಡನ್ನಿನಿಂದ ಎರಡು ಸಂಪುಟಗಳು ಹೊರಬಂದವು. ಒಂದು ಧಾರವಾಡ ಮತ್ತು ಮೈಸೂರಿನ ವಾಸ್ತುವನ್ನು ಕುರಿತದ್ದು. ಅದಕ್ಕೆ ಇತಿಹಾಸ ಬರೆದವನು ಮೆಡೋಸ್ ಟೇಲರ್, ವಾಸ್ತು ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಇನ್ನೊಂದು ಅದೇ ಪ್ರದೇಶದ ಶಾಸನಗಳ ಛಾಯಾಚಿತ್ರಗಳದ್ದು, ಟಿ.ಸಿ. ಹೋಪ್ ಸಂಪಾದಿಸಿದ್ದು. ಕಾಗದದ ನೆಗೆಟಿವ್‌ಗೆ ಬಹಳ ಹೊತ್ತಿನ ಬೆಳಕು ಬೇಕಾಗುತ್ತಿತ್ತು. ನಿಂತ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು, ನಡೆದುಹೋದ ಮನುಷ್ಯ ಗುರುತಿಲ್ಲದೆ ಅಳಿದುಹೋಗುತ್ತಿದ್ದ. ಆದರೆ ಆ ಕಾಲದ ಚಿತ್ರಗಳ ನಿರ್ಜನತೆಗೆ ತಂತ್ರವೊಂದೇ ಕಾರಣವಲ್ಲ. ಸಂಪುಟಗಳ ಹೆಸರೇ ಹೇಳುವಂತೆ ಉದ್ದೇಶಿತ ವಿಷಯ ವಾಸ್ತು ಮತ್ತು ಶಾಸನ. ಜನ, ಜಾತ್ರೆ, ಬಂಡಾಯಗಳು ಆ ಚೌಕಟ್ಟಿಗೆ ಸೇರಿದವುಗಳಲ್ಲ.

ಈ ಯೋಜನೆ ನಡೆಯುತ್ತಿದ್ದ ಕಾಲವನ್ನು ಮರೆಯಬಾರದು. 1858ರ ಮೇ ತಿಂಗಳಲ್ಲಿ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬ ಭಾವೆಯ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ ತಿಂಗಳಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ನರಗುಂದ ಸಂಸ್ಥಾನ ಅಳಿಯಿತು. ಅದೇ ಮನೆತನದ ರಾಮದುರ್ಗ ಕಂಪನಿಯ ಪಕ್ಷದಲ್ಲಿ ನಿಂತು 1948ರವರೆಗೂ ಸಂಸ್ಥಾನವಾಗಿಯೇ ಉಳಿಯಿತು. ಆ ರಾಮದುರ್ಗದಲ್ಲಿಯೂ 1939ರ ಏಪ್ರಿಲಿನಲ್ಲಿ ಪ್ರಜೆಗಳ ಚಳವಳಿ ರಕ್ತಪಾತದಲ್ಲಿ ಕೊನೆಗೊಂಡಿತು. ಒಂದೇ ವಂಶದ ಎರಡು ದುರ್ಗಗಳು ಎರಡು ವಿಧಿಯನ್ನು ಕಂಡವು. ಎರಡನ್ನೂ ಛಾಯಾಚಿತ್ರದಲ್ಲಿ ಅಕ್ಕಪಕ್ಕ ಇಟ್ಟರೆ ಗುಡ್ಡ ಮತ್ತು ಗೋಡೆ ಕಾಣುತ್ತವೆಯೇ ಹೊರತು ಈ ವ್ಯತ್ಯಾಸ ಕಾಣುವುದಿಲ್ಲ.

ಸವದತ್ತಿಯ ದೃಶ್ಯ ಇನ್ನೂ ಹಳೆಯ ಮರೆವನ್ನು ತೋರಿಸುತ್ತದೆ. ಇಂದು ಸವದತ್ತಿ ಎಂದೊಡನೆ ಕಣ್ಣಿಗೆ ಬರುವುದು ಎಲ್ಲಮ್ಮನ ಗುಡ್ಡ, ದೇಸಾಯಿಯವರ ಕೋಟೆ, ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರು. ಇದೇ ಊರು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. ರಟ್ಟರು ಜೈನಧರ್ಮಕ್ಕೆ ಆಶ್ರಯವಿತ್ತವರು. ಪೃಥ್ವೀರಾಮನೂ ಕ್ರಿ.ಶ. 980ರಲ್ಲಿ ಶಾಂತಿವರ್ಮನೂ ಜಿನಾಲಯಗಳಿಗೆ ಭೂದಾನ ಮಾಡಿದ್ದನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. 1228ರ ಶಾಸನ ಎರಡನೆಯ ಲಕ್ಷ್ಮೀದೇವನ ರಾಜಗುರು ಮುನಿಚಂದ್ರನನ್ನು ರಾಜ್ಯವನ್ನು ಸ್ಥಿರಗೊಳಿಸಿದವನೆಂದು ಕೊಂಡಾಡುತ್ತದೆ. ರಾಜಧಾನಿ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ ಸರಿದ ಮೇಲೆ ಸುಗಂಧವರ್ತಿಯ ರಾಜವೈಭವ ನೆಲದ ಮೇಲೆ ಕ್ಷೀಣಿಸಿ, ಕಲ್ಲಿನ ಅಕ್ಷರಗಳಲ್ಲಿ ಮಾತ್ರ ಉಳಿಯಿತು. ಭೂದೃಶ್ಯ ಕೊನೆಗೆ ಆಳಿದವರನ್ನೇ ಎತ್ತಿ ತೋರಿಸುತ್ತದೆ. ಮೊದಲು ಆಳಿದವರನ್ನು ಕಾಣಲು ಶಾಸನ ಬೇಕು.

ಸೋತವರ ಮಾತನ್ನು ಕೇಳಲು ಶಾಸನವೂ ಸಾಲದು, ಲಾವಣಿ ಬೇಕು. ಎರಡೂ ಒಬ್ಬನೇ ಅಧಿಕಾರಿಯ ಕೈಸೇರಿದ್ದು ಗಮನಾರ್ಹ ಸಂಗತಿ. ಮುಂಬಯಿ ಸಿವಿಲ್ ಸರ್ವಿಸಿನ ಜೆ.ಎಫ್. ಫ್ಲೀಟ್ ಸವದತ್ತಿಯ ರಟ್ಟ ಶಾಸನಗಳನ್ನು ಸಂಪಾದಿಸಿದನು. ಬಿಗ್ಸ್ ಮತ್ತು ಪಿಗೌ ತೆಗೆದ ಶಾಸನಚಿತ್ರಗಳನ್ನು 1878ರಲ್ಲಿ ಮತ್ತೆ ಜೋಡಿಸಿ ಪ್ರಕಟಿಸುವುದರಲ್ಲಿಯೂ ಅವನ ಪಾತ್ರವಿತ್ತು. ಅವನೇ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದದೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ದಂಗೆಯ ಹಾಡೂ ಹಲಗಲಿ ಬೇಡರ ಹಾಡೂ ಅವುಗಳಲ್ಲಿವೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನನ್ನು ಅರ್ಧ ಶತಮಾನದ ಬಳಿಕವೂ ಜನ ಹಾಡುತ್ತಿದ್ದರೆಂಬುದಕ್ಕೆ ಆಳುವವರ ಪತ್ರಿಕೆಯೇ ದಾಖಲೆಯಾಯಿತು. ಕ್ಯಾಮೆರಾ ಬಿಟ್ಟುದನ್ನು ಬಾಯಿ ಹಿಡಿದಿಟ್ಟುಕೊಂಡಿತ್ತು. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಮೇಲಿನ ಆಲದ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟುವ ಜನರೂ ಒಂದು ಬಗೆಯ ಸ್ಮಾರಕವನ್ನೇ ಕಾಯ್ದುಕೊಂಡು ಬಂದರು.

ಕಂಪನಿ ಥ್ಯಾಕರೆಯ ಹೆಸರಿನಲ್ಲಿ ಧಾರವಾಡದಲ್ಲಿ ಸ್ಮಾರಕ ನಿಲ್ಲಿಸಿತು. ಸ್ವಾತಂತ್ರ್ಯಾನಂತರದ ಸರಕಾರಗಳು ಕಿತ್ತೂರಿನಲ್ಲಿ ವಸ್ತುಸಂಗ್ರಹಾಲಯ ತೆರೆದವು, ಅಕ್ಟೋಬರಿನಲ್ಲಿ ಉತ್ಸವ ನಡೆಸುತ್ತಿವೆ. 2007ರಲ್ಲಿ ರಾಣಿಯ ಪ್ರತಿಮೆ ಸಂಸತ್ ಭವನದ ಆವರಣವನ್ನೂ ಸೇರಿತು. ಸ್ಥಳೀಯ ನೆನಪು ಹೀಗೆ ರಾಷ್ಟ್ರದ ನೆನಪಾದುದು ಹೆಮ್ಮೆಯ ವಿಷಯವೇ. ಆದರೆ ಇಲ್ಲಿಯೂ ಆಯ್ಕೆಯಿದೆ. ಕುದುರೆಯ ಮೇಲಿನ ರಾಣಿ ಎಲ್ಲೆಡೆ ಕಾಣುತ್ತಾಳೆ. ಬೈಲಹೊಂಗಲದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕುಳಿತಿದ್ದ ರಾಣಿಯ ಚಿತ್ರ ಅಪರೂಪ.

ಕಿತ್ತೂರಿನ ಅರಮನೆಯ ಅವಶೇಷದಲ್ಲಿ ಧ್ರುವತಾರೆಯನ್ನು ನೋಡಲು ಗೋಡೆಯೊಳಗೆ ಮಾಡಿದ ಕಿಂಡಿಯೊಂದು ಉಳಿದಿದೆ. ಪ್ರವಾಸಿಗಳು ಅದನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಾರೆ. ಆ ಕಿಂಡಿಯಿಂದ ಕಾಣುವುದು ಆಕಾಶದ ಒಂದು ಬಿಂದು ಮಾತ್ರ, ಅದನ್ನು ಗೊತ್ತುಮಾಡಿದವರು ಕಿಂಡಿ ಕಟ್ಟಿದವರು. ಈ ನಾಡಿನ ಯಾವುದೇ ಛಾಯಾಚಿತ್ರವನ್ನು ಆಕರವಾಗಿ ಬಳಸುವ ಸಂಶೋಧಕರು ಅದನ್ನು ತೆಗೆಸಿದವರು ಯಾರು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಆಮೇಲೆ ಅದೇ ಊರಿನ ಶಾಸನವನ್ನೂ ಲಾವಣಿಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.