ಬಳೆ ಏರದ ಕೈ, ಒಂದು ಸೂಜಿ, ನೂರು ವರ್ಷದ ಲೆಕ್ಕ

ಈ ವಾರದ ಸಂಚಿಕೆ ಶುರುವಾಗೋದು ಒಂದು ಬಳೆಯಿಂದ.

ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ಎರಡು ವರ್ಷ ಆಗಿತ್ತು. ಗೌರಿ ಹಬ್ಬದ ಹಿಂದಿನ ದಿನ ಬಳೆ ತೊಡೋಕೆ ಕೂತ್ರು. ಬಲಗೈಗೆ ಸಲೀಸಾಗಿ ಏರಿತು. ಎಡಗೈಗೆ ಸೋಪು ಹಚ್ಚಿದ್ರೂ ಏರಲಿಲ್ಲ. ಕೈ ಅಷ್ಟು ಊದಿತ್ತು. ಡಾಕ್ಟರು ಅದರ ಹೆಸರು ಹೇಳಿದ್ರು: ಲಿಂಫೆಡಿಮಾ.

ಆಮೇಲೆ ಯಾರೋ ಹೇಳಿದ್ರು ಅಂತ ಒಂದು ಆಕ್ಯುಪಂಕ್ಚರ್ ಕ್ಲಿನಿಕ್ಕಿಗೆ ನಾನೇ ಕರ್ಕೊಂಡು ಹೋದೆ. ಕೈ ಮುಟ್ಟಿ ನೋಡೋಕೆ ಮುಂಚೆನೇ ಪ್ಯಾಕೇಜ್ ಹೇಳಿದ್ರು. ಇಪ್ಪತ್ತು ಸಿಟ್ಟಿಂಗ್, ದುಡ್ಡು ಪೂರ್ತಿ ಅಡ್ವಾನ್ಸ್, ಊತ ಇಳಿಯೋದು ಗ್ಯಾರಂಟಿ. ಆಚೆ ಬಂದು ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಆಸ್ಪತ್ರೇಲಿ ಈ ಕೈಗೆ ಸೂಜಿ ಚುಚ್ಚಿಸ್ಕೋಬೇಡಿ ಅಂದ್ರು. ಇಲ್ಲಿ ಇದೇ ಕೈಗೆ ಚುಚ್ತೀವಿ ಅಂತಾರೆ. ಯಾರ ಮಾತು ಕೇಳ್ಲಿ ಮಗಾ?"

ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ಆದ್ರೆ ಯಾರಾದ್ರೂ ಗ್ಯಾರಂಟಿ ಅಂದ ಕೂಡ್ಲೇ ಹಳೇ ಲೆಕ್ಕದ ಪುಸ್ತಕ ತೆಗೆಸಿ ನೋಡೋದು ನಮ್ಮ ಓದು ಕಲಿಸಿದ ಅಭ್ಯಾಸ. ಈ ಪುಸ್ತಕದ ಪುಟಗಳು ನೂರು ವರ್ಷ ಹಿಂದಕ್ಕೆ ಹೋದವು.

ಮೊದಲು ಕೈ ಯಾಕೆ ಊದುತ್ತೆ ಅಂತ ತಿಳ್ಕೊಳ್ಳೋಣ. ರಾಜಕಾಲುವೆ ಮುಚ್ಚಿದ್ರೆ ಮಳೆಗಾಲದಲ್ಲಿ ಬಡಾವಣೆಗೆ ನೀರು ನುಗ್ಗುತ್ತಲ್ಲ, ಹಾಗೆ. ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಗೆ ಇನ್ನೊಂದು ಕಾಲುವೆ ಜಾಲ ಇದೆ. ಅದರಲ್ಲಿ ಹರಿಯೋದು ಲಿಂಫ್, ಶಾಲೆಯ ಪುಸ್ತಕದ ದುಗ್ಧರಸ. ತೋಳಿನ ಲಿಂಫ್ ಹೃದಯದ ಕಡೆ ಹೋಗೋ ದಾರಿಯಲ್ಲಿ ಕಂಕುಳಿನ ಗ್ರಂಥಿಗಳು ಸಿಗುತ್ತವೆ. ಕ್ಯಾನ್ಸರ್ ಮೊದಲು ಹರಡೋದು ಸಾಮಾನ್ಯವಾಗಿ ಅಲ್ಲಿಗೇ. ಆದ್ದರಿಂದ ಆ ಗ್ರಂಥಿಗಳನ್ನು ತೆಗೀತಾರೆ, ಇಲ್ಲವೇ ಅಲ್ಲಿಗೆ ರೇಡಿಯೇಷನ್ ಕೊಡ್ತಾರೆ. ಕಾಲುವೆ ಕೆಟ್ಟ ಮೇಲೆ ನೀರು ನಿಲ್ಲುತ್ತೆ. ಕೆಲವರಿಗೆ ತಿಂಗಳಲ್ಲೇ, ಕೆಲವರಿಗೆ ವರ್ಷಗಳ ನಂತರ. ಹಾಗೆ ಊದಿದ ಕೈಯಲ್ಲಿ ಸಣ್ಣ ಗಾಯವೂ ಸೋಂಕಿಗೆ ದಾರಿ. ಆಸ್ಪತ್ರೆಯವರು ಸೂಜಿ ಬೇಡ ಅಂದಿದ್ದು ಅದಕ್ಕೇ.

ಈಗ ಅಮೆರಿಕದ ಬಾಲ್ಟಿಮೋರ್‌ಗೆ ಹೋಗೋಣ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ಆಪರೇಷನ್‌ಗಳ ವರದಿ ಪ್ರಕಟಿಸಿದರು. ಸ್ತನ ಮಾತ್ರ ಅಲ್ಲ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ, ಎಲ್ಲವನ್ನೂ ಒಟ್ಟಿಗೆ ತೆಗೆಯೋದು ಅವರ ವಿಧಾನ. ಹೆಚ್ಚು ತೆಗೆದಷ್ಟು ಒಳ್ಳೇದು ಅನ್ನೋ ನಂಬಿಕೆ. ಮುಂದಿನ ಸುಮಾರು ಮುಕ್ಕಾಲು ಶತಮಾನ ಅದೇ ನಡೆಯಿತು. ತಾವು ತೋರಿಸಿದ ದಾರಿಯ ಬೆಲೆ ಹಾಲ್‌ಸ್ಟೆಡ್ ಕಣ್ಣಿಗೂ ಬಿತ್ತು. 1921ರಲ್ಲಿ, ಸಾಯೋದಕ್ಕೆ ಒಂದು ವರ್ಷ ಮುಂಚೆ, ಆಪರೇಷನ್ ನಂತರ ಊದೋ ತೋಳಿನ ಬಗ್ಗೆಯೇ ಒಂದು ಲೇಖನ ಬರೆದರು. ಅದಕ್ಕೆ ಅವರು ಇಟ್ಟ ಲ್ಯಾಟಿನ್ ಹೆಸರಿನ ಅರ್ಥ ಕೇಳಿ: ಸರ್ಜರಿಯಿಂದ ಬಂದ ಆನೆಕಾಲು. ನಮ್ಮಲ್ಲಿ ಸೊಳ್ಳೆ ತರೋ ಆನೆಕಾಲು ಎಲ್ಲರಿಗೂ ಗೊತ್ತು. ಇದು ಚಾಕು ತಂದದ್ದು.

ಅಷ್ಟೊಂದು ತೆಗೆಯೋದು ನಿಜಕ್ಕೂ ಬೇಕಾ? ಇದನ್ನ ಸರಿಯಾಗಿ ಹೋಲಿಸಿ ನೋಡೋಕೆ ಹೊರಟವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. 1971ರಲ್ಲಿ ಅವರ ದೊಡ್ಡ ಪ್ರಯೋಗ ಶುರುವಾಯ್ತು. 1,600ಕ್ಕೂ ಹೆಚ್ಚು ಮಹಿಳೆಯರನ್ನ ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಗುಂಪಿಗೆ ಹಾಕಿದರು. 25 ವರ್ಷದ ಫಲಿತಾಂಶ 2002ರಲ್ಲಿ ಬಂತು. ಹಾಲ್‌ಸ್ಟೆಡ್ ವಿಧಾನದವರು ಹೆಚ್ಚು ಕಾಲ ಬದುಕಲಿಲ್ಲ. ಅಷ್ಟರಲ್ಲಿ 1990ರ ದಶಕದಲ್ಲಿ ಮೊದಲ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸೋ ವಿಧಾನವೂ ಬಂದಿತ್ತು. ಊದೋ ಕೈಗಳು ಕಮ್ಮಿಯಾದವು. ಇಲ್ಲವಾಗಲಿಲ್ಲ.

ಇನ್ನು ಸೂಜಿಯ ಕಥೆ. ಚೀನಾದಲ್ಲಿ ಅದು ಎರಡು ಸಾವಿರ ವರ್ಷ ಹಳೇದು. ಅಮೆರಿಕದ ಜನ ಅದನ್ನ ತಲೆಗೆ ಹಚ್ಕೊಂಡಿದ್ದು ಮಾತ್ರ ಅದೇ 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯ್ತು. ಜುಲೈ 26ರಂದು ಆ ಅನುಭವ ಪತ್ರಿಕೆಯಲ್ಲಿ ಬಂತು. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದ್ರು ಅಂತ ಇವತ್ತಿಗೂ ಕೆಲವರು ಹೇಳ್ತಾರೆ. ಹಾಗಲ್ಲ. ಮಾಮೂಲಿ ಇಂಜೆಕ್ಷನ್ ಕೊಟ್ಟೇ ಆಪರೇಷನ್ ಮಾಡಿದ್ದು. ಮರುರಾತ್ರಿ ಹೊಟ್ಟೆ ಉಬ್ಬರಕ್ಕೆ ಮೂರು ಸೂಜಿ ಚುಚ್ಚಿದ್ರು, ಅಷ್ಟೇ. ಬಾಯಿಂದ ಬಾಯಿಗೆ ಹೋಗ್ತಾ ಕಥೆ ಊದಿತು.

ಈ ಎರಡು ಕಥೆಗಳು ಸೇರಿದ್ದು ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಬ್ಯಾರಿ ಕ್ಯಾಸಿಲೆತ್ ಅವರ ತಂಡ 33 ಮಹಿಳೆಯರಿಗೆ ವಾರಕ್ಕೆರಡು ಸಲ, ನಾಲ್ಕು ವಾರ, ಊದಿದ ಕೈಗೂ ಸೇರಿಸಿ ಸೂಜಿ ಚುಚ್ಚಿತು. 2013ರಲ್ಲಿ ಫಲಿತಾಂಶ ಪ್ರಕಟವಾಯ್ತು. 11 ಮಂದಿಗೆ ಎರಡೂ ಕೈಗಳ ಸುತ್ತಳತೆಯ ವ್ಯತ್ಯಾಸ ಶೇ. 30ರಷ್ಟಾದರೂ ಇಳಿದಿತ್ತು. ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ಕ್ಲಿನಿಕ್‌ಗಳು ಪೋಸ್ಟರ್ ಮಾಡೋದಕ್ಕೆ ಇಷ್ಟು ಸಾಕು.

ಆದ್ರೆ ಈ ಲೆಕ್ಕದಲ್ಲಿ ಒಂದೇ ಕಾಲಂ ಇದೆ ನೋಡಿ. ಸೂಜಿ ಇಲ್ಲದೆ ಎಷ್ಟು ಜನಕ್ಕೆ ಇಳೀತಿತ್ತು? ಆ ಕಾಲಂ ತುಂಬಿದ್ದು ಅದೇ ಆಸ್ಪತ್ರೆ. 82 ಮಹಿಳೆಯರನ್ನ ಎರಡು ಗುಂಪು ಮಾಡಿದರು, ಒಂದಕ್ಕೆ ಆರು ವಾರ ಆಕ್ಯುಪಂಕ್ಚರ್, ಇನ್ನೊಂದು ಕಾಯುವ ಪಟ್ಟಿ. 2018ರ ಫಲಿತಾಂಶದಲ್ಲಿ ಗಣನೀಯ ಇಳಿತ ಕಂಡವರು ಸೂಜಿಯ ಗುಂಪಿನಲ್ಲಿ ಶೇ. 17, ಸುಮ್ಮನೆ ಕಾದವರಲ್ಲಿ ಶೇ. 11. ಸರಾಸರಿ ವ್ಯತ್ಯಾಸ ಅರ್ಧ ಸೆಂಟಿಮೀಟರೂ ಇಲ್ಲ. ಅಷ್ಟನ್ನ ಸೂಜಿಯ ಖಾತೆಗೆ ಹಾಕೋಕೆ ಬರಲ್ಲ, ಅದೃಷ್ಟದಿಂದಲೂ ಆಗಬಹುದು. ತಮ್ಮದೇ ಆಸೆಗೆ ವಿರುದ್ಧ ಬಂದ ಉತ್ತರವನ್ನ ಆ ಆಸ್ಪತ್ರೆ ಬಚ್ಚಿಡದೆ ಪ್ರಕಟಿಸಿತು. ಹಾಲ್‌ಸ್ಟೆಡ್ ನಂಬಿಕೆ ಪರೀಕ್ಷೆಗೆ ಬರೋಕೆ 77 ವರ್ಷ ಬೇಕಾಯ್ತು. ಈ ಆಸೆಯ ಲೆಕ್ಕ ಐದೇ ವರ್ಷದಲ್ಲಿ ಚುಕ್ತಾ ಆಯ್ತು.

ಹಾಗಾದ್ರೆ ಸೂಜಿ ದಂಡವಾ? ಅದೂ ಅವಸರದ ಮಾತು. ಅದೇ 2018ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ಸ್ತನ ಕ್ಯಾನ್ಸರ್ ಮಾತ್ರೆಯಿಂದ ಕೀಲು ನೋವು ಅನುಭವಿಸ್ತಿದ್ದ 226 ಮಹಿಳೆಯರ ಮೇಲೆ ನಡೆದದ್ದು. 10 ಅಂಕದ ಅಳತೆಯಲ್ಲಿ ನಿಜವಾದ ಸೂಜಿಗೆ ನೋವು ಸುಮಾರು 2 ಅಂಕ ಇಳಿಯಿತು. ತೋರಿಕೆಯ ಸೂಜಿಗೂ, ಕಾದವರಿಗೂ ಸುಮಾರು 1. ಅಂದ್ರೆ ನೋವಿಗೆ ಸ್ವಲ್ಪ ಆಸರೆ ಇದೆ. ಊತಕ್ಕೆ ಆ ಆಧಾರ ಸಿಕ್ಕಿಲ್ಲ.

'ಬೇಡ'ಗಳೂ ಪರೀಕ್ಷೆಗೆ ಬಂದಿವೆ. ಆ ಕೈಗೆ ಭಾರದ ಕೆಲಸ ಬೇಡ ಅನ್ನೋ ಕಾಲದಲ್ಲಿ, 1996ರಲ್ಲಿ, ಕೆನಡಾದ ವ್ಯಾಂಕೂವರ್‌ನ ವೈದ್ಯ ಡಾನ್ ಮೆಕೆಂಜಿ 24 ಮಹಿಳೆಯರನ್ನ ಡ್ರ್ಯಾಗನ್ ದೋಣಿಗೆ ಹತ್ತಿಸಿ ಹುಟ್ಟು ಹಾಕಿಸಿದರು. ಹೊಸದಾಗಿ ಯಾರ ಕೈಯೂ ಊದಲಿಲ್ಲ. 2009ರಲ್ಲಿ ಅಮೆರಿಕದಲ್ಲಿ 141 ಮಹಿಳೆಯರ ಮೇಲೆ ನಡೆದ ಪ್ರಯೋಗವೂ ನಿಧಾನವಾಗಿ ಹೆಚ್ಚಿಸೋ ತೂಕದ ವ್ಯಾಯಾಮದಿಂದ ಊತ ಹೆಚ್ಚಲ್ಲ ಅಂತ ತೋರಿಸಿತು.

ಇಷ್ಟೂ ಓದಿ ದೊಡ್ಡಮ್ಮನಿಗೆ ಹೇಳಿದೆ: "ಸೂಜಿಗೆ ಹೆದರಿ ಬೇಡ ಅಂತಿಲ್ಲ ದೊಡ್ಡಮ್ಮ. ಗ್ಯಾರಂಟಿ ಸುಳ್ಳು ಅಂತ ಬೇಡ ಅಂತಿದೀನಿ." ಆ ದುಡ್ಡಲ್ಲಿ ಅಳತೆಗೆ ಸರಿಯಾದ ಕಂಪ್ರೆಷನ್ ಸ್ಲೀವ್ ಬಂತು. ಬ್ಯಾಂಡೇಜ್, ಮಸಾಜ್, ವ್ಯಾಯಾಮ ಕಲಿಸೋ ಫಿಸಿಯೋಥೆರಪಿಸ್ಟ್ ಸಿಕ್ಕಿದ್ರು. ನಿಮ್ಮ ಮನೆಯಲ್ಲೂ ಹೀಗೊಂದು ಕೈ ಇದ್ರೆ, ಮೊದಲು ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕೇಳಿ. ಕೈ ಕೆಂಪಾಗಿ ಜ್ವರ ಬಂದ್ರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ದೊಡ್ಡಮ್ಮನ ಊತ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಳೆ ಅಂಗಡಿಯಲ್ಲಿ ಅವರೇ ಹೇಳಿದ್ರು: "ಬಲಗೈಗೆ 2-4 ಕೊಡಪ್ಪಾ, ಎಡಗೈಗೆ 2-8." ಅಂಗಡಿಯವನು ಒಂದು ಮಾತೂ ಕೇಳದೆ ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿ ಕೊಟ್ಟ.

ಮುಂದಿನ ವಾರ ಸಿಗೋಣ.