ರೋಮನ್ ನಾಣ್ಯಾಭರಣ: ಸಮಾಧಿಗಳ ಸಾಕ್ಷ್ಯ

ಚಲಾವಣೆಗೆಂದು ಟಂಕಿಸಿದ ರೋಮನ್ ನಾಣ್ಯಗಳಿಗೆ ರಂಧ್ರ ಕೊರೆದು, ಕೊಂಡಿ ಬೆಸೆದು ಅಥವಾ ಲೋಹದ ಚೌಕಟ್ಟಿನಲ್ಲಿ ಕೂರಿಸಿ ಧರಿಸಲು ಅಣಿಗೊಳಿಸಿದ ಒಡವೆಗಳನ್ನು ರೋಮನ್ ನಾಣ್ಯಾಭರಣವೆಂದು ಕರೆಯಲಾಗುತ್ತದೆ. ಹಳೆಯ ಚಿನ್ನ ಬೆಳ್ಳಿ ನಾಣ್ಯಗಳನ್ನು ರತ್ನಗಳಂತೆ ಬಳಸುವ ರೂಢಿ ರೋಮಿನಲ್ಲೇ ಇತ್ತು. 2ನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಪಾಂಪೋನಿಯಸ್ ಅಂಥ ನಾಣ್ಯಗಳ ಅನುಭೋಗವನ್ನು, ಎಂದರೆ ಒಡೆತನವಿಲ್ಲದೆ ಬಳಸುವ ಹಕ್ಕನ್ನು, ಉಯಿಲಿನ ಮೂಲಕ ಕೊಡಬಹುದೆಂದು ವಿಧಿಸಿದ್ದಾನೆ. 4ನೆಯ ಶತಮಾನದ ಕೊನೆಯ ಹೊತ್ತಿಗೆ ಆಂಟಿಯೋಕ್ ನಗರದ ಕ್ರೈಸ್ತ ಬೋಧಕ ಜಾನ್ ಕ್ರಿಸೋಸ್ಟಮ್, ಅಲೆಕ್ಸಾಂಡರನ ಕಂಚಿನ ನಾಣ್ಯಗಳನ್ನು ರಕ್ಷೆಯಾಗಿ ತಲೆಗೂ ಕಾಲಿಗೂ ಕಟ್ಟಿಕೊಳ್ಳುವವರನ್ನು ಖಂಡಿಸಿದ್ದನು.

ಸಮಾಧಿಗಳಲ್ಲಿ ಇವು ವಿಶೇಷವಾಗಿ ಕಂಡುಬರುವುದು ಇಂಗ್ಲೆಂಡಿನ 5ರಿಂದ 7ನೆಯ ಶತಮಾನದ ಆಂಗ್ಲೋ-ಸ್ಯಾಕ್ಸನ್ ಶ್ಮಶಾನಗಳಲ್ಲಿ. ಸುಮಾರು 410ರಲ್ಲಿ ರೋಮನ್ ಆಡಳಿತ ಕೊನೆಗೊಂಡು ನಾಣ್ಯದ ವ್ಯವಹಾರ ನಿಂತುಹೋದ ಮೇಲೆ, ಪಾಳುಬಿದ್ದ ನೆಲೆಗಳಲ್ಲಿ ಸಿಗುತ್ತಿದ್ದ 3 ಮತ್ತು 4ನೆಯ ಶತಮಾನದ ಸಣ್ಣ ಕಂಚಿನ ನಾಣ್ಯಗಳಿಗೆ ಹಣವಾಗಿ ಬೆಲೆಯಿರಲಿಲ್ಲ. ಅವನ್ನು ಹೆಂಗಸರೂ ಮಕ್ಕಳೂ ಅಂಬರ್ ಮತ್ತು ಗಾಜಿನ ಮಣಿಗಳ ಜೊತೆ ಪೋಣಿಸಿ ಧರಿಸುತ್ತಿದ್ದರು, ಇಲ್ಲವೇ ಸೊಂಟದ ಚೀಲದಲ್ಲಿ ಇತರ ಹಳೆಯ ಲೋಹದ ಚೂರುಗಳೊಂದಿಗೆ ಇಟ್ಟುಕೊಳ್ಳುತ್ತಿದ್ದರು. ಇವು ಬರೀ ಅಲಂಕಾರವೋ ರಕ್ಷೆಯೋ ಎಂಬ ಚರ್ಚೆಯಲ್ಲಿ ಎರಡನ್ನೂ ಬೇರ್ಪಡಿಸುವ ಹಟವೇ ಅನಗತ್ಯವೆನ್ನಬೇಕು.

ಇಂಥ ನಾಣ್ಯದಲ್ಲಿ ಮುದ್ರೆಗಿಂತ ರಂಧ್ರವೇ ಹೆಚ್ಚು ಹೇಳುತ್ತದೆ. ಪರಲೋಕದ ನದಿ ದಾಟಿಸುವ ಅಂಬಿಗನಿಗೆ ಕೂಲಿಯೆಂದು ಶವದ ಬಾಯಲ್ಲೋ ಕೈಯಲ್ಲೋ ಇಡುತ್ತಿದ್ದ ನಾಣ್ಯಕ್ಕೆ ರಂಧ್ರ ಬೇಕಿರಲಿಲ್ಲ. ಕೆಂಟ್ ಪ್ರಾಂತದ ಗಿಲ್ಟನ್‌ನ ಒಂದು ಸಮಾಧಿಯಲ್ಲಿ ತಕ್ಕಡಿಯ ಜೊತೆ ದೊರೆತ ರೋಮನ್ ನಾಣ್ಯಗಳಾದರೋ ತೂಕದ ಬೊಟ್ಟುಗಳು. ರಂಧ್ರವು ಚಕ್ರವರ್ತಿಯ ತಲೆಯ ನೇರಕ್ಕಿದೆಯೇ, ಹಿಂಬದಿಯ ಚಿತ್ರ ನೆಟ್ಟಗೆ ಕಾಣುವಂತಿದೆಯೇ ಎಂಬುದರಿಂದ ಯಾವ ಮುಖ ಹೊರಗೆ ತೋರುತ್ತಿತ್ತೆಂದು ಊಹಿಸಬಹುದು. ಆದರೆ ನಾಣ್ಯದ ಕಾಲವನ್ನು ಸಮಾಧಿಯ ಕಾಲವೆಂದು ಭಾವಿಸುವುದು ತಪ್ಪು. ಟಂಕಿಸಿದ ವರ್ಷ ಸಮಾಧಿ ಅದಕ್ಕಿಂತ ಹಿಂದಿನದಲ್ಲವೆಂದಷ್ಟೇ ಸ್ಥಾಪಿಸುತ್ತದೆ. ಆಂಗ್ಲೋ-ಸ್ಯಾಕ್ಸನ್ ಸಮಾಧಿಗಳಲ್ಲಿ ಈ ಅಂತರ ಇನ್ನೂರು ವರ್ಷವನ್ನೂ ಮೀರುವುದುಂಟು.

7ನೆಯ ಶತಮಾನದ ಶ್ರೀಮಂತ ಸಮಾಧಿಗಳಲ್ಲಿ ಕಂಚಿನ ಸ್ಥಾನಕ್ಕೆ ಚಿನ್ನದ ಸಾಲಿಡಸ್ ಬಂದಿತು. ಕಾನ್‌ಸ್ಟಂಟೈನ್ ಜಾರಿಗೆ ತಂದ ಈ ನಾಣ್ಯದ ತೂಕ ಸುಮಾರು 4.5 ಗ್ರಾಂ. ಕೆಂಟ್‌ನ ಸ್ಯಾರ್ ಎಂಬಲ್ಲಿ 1860ರಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕಂಠಹಾರದಲ್ಲಿ ಕೊಂಡಿ ಬೆಸೆದ ನಾಲ್ಕು ಚಿನ್ನದ ನಾಣ್ಯಗಳಿದ್ದು, ಅವುಗಳ ಮೇಲೆ ಬೈಜಾಂಟಿಯಂನ ಚಕ್ರವರ್ತಿಗಳಾದ ಮಾರಿಸ್ ಟೈಬೀರಿಯಸ್ ಮತ್ತು ಹೆರಾಕ್ಲಿಯಸ್, ಫ್ರಾಂಕರ ದೊರೆ ಎರಡನೆಯ ಕ್ಲೋಥಾರ್ ಇವರ ಹೆಸರುಗಳಿವೆ.

ದಕ್ಷಿಣ ಭಾರತದಲ್ಲಿ ದೊರೆತ ಬೈಜಾಂಟೈನ್ ಸಾಲಿಡಸ್‌ಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ರಂಧ್ರಗಳಿವೆ. ಕಾಸಿನ ಸರವನ್ನು ಬಲ್ಲ ಕನ್ನಡಿಗರಿಗೆ ಇದರ ಉದ್ದೇಶವನ್ನು ವಿವರಿಸಬೇಕಿಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿಯೂ ರೋಮನ್ ಚಿನ್ನದ ನಾಣ್ಯಗಳು ದೊರೆತಿವೆ; ಆದರೆ ಅವು ನಿಧಿಯಾಗಿ ಹೂತಿಟ್ಟವೇ ಹೊರತು ಸಮಾಧಿಯಲ್ಲಿ ಇರಿಸಿದವಲ್ಲ.